ಬುತ್ತಿ ಹಿಡಿದು ಓಡಿದ ಭಾನುವಾರ

ಮರಳಿ ಊರಿನ ಆಚೆ ಕಾಲುವೆ ಸೇತುವೆಯ ಮಗ್ಗುಲಲ್ಲಿ ಸ್ಕೂಟಿ ನಿಲ್ಲಿಸಿ, ಕೀಲಿಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಮುಬಾಶಿರಾ ಓಡಲು ಶುರುಮಾಡಿದಾಗ ಬೆಳಗಿನ ಆರು ಗಂಟೆ. ರಮಜಾನ್ ಮುಗಿದು ಒಂಬತ್ತು ದಿನವಾಗಿತ್ತು. ಹಬ್ಬಕ್ಕೆ ಬಂದಿದ್ದ ನೆಂಟರು ಹಿಂದಿನ ದಿನವಷ್ಟೇ ಹುಲಿಹೈದರಕ್ಕೆ ವಾಪಸು ಹೋಗಿದ್ದರು.

ಆಕೆಗೆ ಗಂಗಾವತಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ವಯಸ್ಸು ಮೂವತ್ತಾರು. ಮೂರು ವರ್ಷದ ಹಿಂದೆ ಒಂದು ದಿನ ತನ್ನ ರಕ್ತವನ್ನು ತಾನೇ ಪರೀಕ್ಷಿಸಿಕೊಂಡಾಗ ಸಕ್ಕರೆ ಅಂಚಿಗೆ ಬಂದು ನಿಂತಿದ್ದು ಕಂಡಿತ್ತು. ಮರುದಿನದಿಂದ ನಡೆಯತೊಡಗಿದಳು. ನಡಿಗೆ ಯಾವಾಗ ಓಟವಾಯಿತೋ ಆಕೆಗೂ ತಿಳಿಯಲಿಲ್ಲ. ಓಣಿಯವರು ಏನಂದಾರು ಎಂದು ಅತ್ತೆ ಹಸನಬೀ ಮೊದಮೊದಲು ಗೊಣಗುತ್ತಿದ್ದಳು. ಓಣಿಯವರು ಏನೂ ಅನ್ನದೆ ಇದ್ದಾಗ ಅವಳೂ ಸುಮ್ಮನಾದಳು. ಗಂಡ ಫಾರೂಕ ಹೊಸಪೇಟೆಗೆ ಹೋದಾಗ ಒಂದು ಜೋಡಿ ಬೂಟು ತಂದುಕೊಟ್ಟಿದ್ದ.

ರೋಜಾದ ತಿಂಗಳಲ್ಲೂ ಆಕೆ ಓಟ ಬಿಟ್ಟಿರಲಿಲ್ಲ. ಸಂಜೆ ರೋಜಾ ಬಿಡುವುದಕ್ಕೆ ಮುಂಚೆ, ಮನೆಯ ಹತ್ತಿರದ ಸಾಲೆ ಮೈದಾನದಲ್ಲಿ ಎರಡೋ ಮೂರೋ ಕಿಲೋಮೀಟರ್, ಅಷ್ಟೇ. ನಾಲಿಗೆ ಒಣಗಿರುತ್ತಿತ್ತು. ಓಡುವಾಗಲೂ ತಲೆಯೊಳಗೆ ಹಣ್ಣು ಹೆಚ್ಚುವುದು, ಕಡಲೆ ಒಗ್ಗರಿಸುವುದು, ಪಕ್ಕದ ಮನೆಗೆ ತಟ್ಟೆ ಕಳಿಸುವುದು ಇವೇ ಸುತ್ತುತ್ತಿದ್ದವು. ಅಜಾನ್ ಆಗುವುದರೊಳಗೆ ಮನೆಯಲ್ಲಿರಬೇಕು ಎಂದು ಪ್ರತಿ ಸುತ್ತಿಗೂ ರಸ್ತೆಯ ಕಡೆ ನೋಡುತ್ತಿದ್ದಳು.

ಈ ದಿನ ಹಾಗೆ ನೋಡಬೇಕಾದ್ದು ಏನೂ ಇರಲಿಲ್ಲ. ಐದು ಕಿಲೋಮೀಟರ್ ಹೋಗಿ ತಿರುಗಿ ಬರುವುದು, ಸುಸ್ತಾದರೆ ನಡೆಯುವುದು ಎಂದಷ್ಟೇ ಲೆಕ್ಕ ಹಾಕಿದ್ದಳು. ಎಡಗಡೆ ಕಾಲುವೆ ತುಂಬ ನೀರು, ಬಲಗಡೆ ತೆನೆ ಹೊರಟ ಭತ್ತ. ಮೊದಲ ಎರಡು ಕಿಲೋಮೀಟರ್ ಮೀನಖಂಡ ಬಿಗಿಯಾಗಿತ್ತು, ಆಮೇಲೆ ಸಡಿಲಾಯಿತು. ಉಸಿರು ಹೆಜ್ಜೆಗೆ ಹೊಂದಿಕೊಂಡಿತು. ಟ್ರ್ಯಾಕ್ಟರ್ ಬಂದಾಗ ಬದಿಗೆ ಸರಿದು ನಿಂತಳು, ಅದು ಹೋದ ಮೇಲೆ ಮತ್ತೆ ಹೊರಟಳು. ಅವಸರ ಮಾಡಲಿಲ್ಲ.

ಇನ್ನೇನು ತಿರುಗಬೇಕು ಅನ್ನುವಲ್ಲಿ ಬೇವಿನ ಗಿಡದ ಬುಡಕ್ಕೆ ಗಾಳೆಮ್ಮ ಕೂತಿದ್ದಳು. ಅರವತ್ತರ ಹತ್ತಿರದ ಹೆಂಗಸು. ದಿನಾ ಈ ದಾರಿಯಲ್ಲೇ ಹೊಲಕ್ಕೆ ಹೋಗುವವಳು. ರಮಜಾನಿಗೆ ಮುಂಚಿನ ಭಾನುವಾರಗಳಲ್ಲಿ ಇಬ್ಬರೂ ಎದುರಾಗಿ, ನಕ್ಕು ಮುಂದೆ ಹೋಗುತ್ತಿದ್ದರು. ಮಾತಾಡಿದ್ದಿಲ್ಲ, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ಈ ಸಲ ಗಾಳೆಮ್ಮನೇ ಕೈ ಎತ್ತಿ ನಿಲ್ಲಿಸಿದಳು.

"ಯವ್ವಾ, ತಿಂಗಳಾತು ನಿನ್ನ ಸುದ್ದೀನ ಇಲ್ಲ. ಮೈಯಾಗ ಅರಾಮ ಇದ್ದಿಲ್ಲೇನು?"

"ರೋಜಾ ಇತ್ತವ್ವಾ. ಊರಾಗ ಸ್ವಲ್ಪ ಸ್ವಲ್ಪ ಓಡತಿದ್ದೆ."

"ಉಪಾಸ ಇದ್ದಾಗೂ ಓಡತಿದ್ದೇನು?" ಎಂದು ಗಾಳೆಮ್ಮ ಆಕೆಯ ಕಾಲು ನೋಡಿದಳು. ಆಮೇಲೆ ತನ್ನ ಮೊಣಕಾಲು ಒತ್ತಿಕೊಂಡಳು. ಮಗ್ಗುಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಇತ್ತು.

ಕೇಳಿದಾಗ ವಿಷಯ ತಿಳಿಯಿತು. ಈ ದಿನ ಇವರ ಗದ್ದೆಗೆ ನೀರಿನ ಪಾಳಿ. ಗಂಡ ತಿರುಪತಿ ನಸುಕಿನಲ್ಲೇ ಮುಂದಿನ ತೂಬಿಗೆ ಹೋಗಿ ಕೂತಿದ್ದ. ಪಾಳಿ ಮುಗಿಯುವವರೆಗೆ ಅವನು ಅಲ್ಲಿಂದ ಕದಲುವ ಹಾಗಿಲ್ಲ. ಕದಲಿದರೆ ನೀರು ಮತ್ತೊಬ್ಬರ ಗದ್ದೆಗೆ ತಿರುಗುತ್ತದೆ. ಬುತ್ತಿ ಒಯ್ಯಲು ಹೊರಟ ಗಾಳೆಮ್ಮನಿಗೆ ಮೊಣಕಾಲು ಹಿಡಿದುಕೊಂಡಿತ್ತು. ತೂಬು ಇನ್ನೂ ಒಂದೂವರೆ ಕಿಲೋಮೀಟರ್ ದೂರ.

ಮುಬಾಶಿರಾ ಕೈ ಚಾಚಿದಳು. ಗಾಳೆಮ್ಮ ಬುತ್ತಿಯ ಗಂಟು ಇನ್ನಷ್ಟು ಬಿಗಿದು ಕೊಟ್ಟಳು.

"ಪಲ್ಲೆ ಐತಿ, ಚೆಲ್ಲೀತು. ಸಾವಕಾಶ ಹೋಗವ್ವಾ."

"ಇವತ್ತ ಸಾವಕಾಶನ ಓಡಾಕ ಬಂದೀನಿ" ಎಂದಳು ಮುಬಾಶಿರಾ.

ಬುತ್ತಿಯನ್ನು ಎದೆಗೆ ಒತ್ತಿ ಹಿಡಿದರೆ ಕೈ ಬೀಸುವುದಕ್ಕಾಗಲಿಲ್ಲ. ಭುಜ ಕುಣಿಯದ ಹಾಗೆ, ಹೆಜ್ಜೆ ಗಿಡ್ಡ ಮಾಡಿ, ನೆಲಕ್ಕೆ ತಾಕಿಯೂ ತಾಕದ ಹಾಗೆ ಓಡಬೇಕಾಯಿತು. ನಡೆಯುವುದಕ್ಕಿಂತ ತುಸುವೇ ಜೋರು. ಬಟ್ಟೆಯೊಳಗಿಂದ ಬಿಸಿ ರೊಟ್ಟಿಯ ಕಾವು ತಾಗುತ್ತಿತ್ತು. ಬಿಸಿಲು ಬೆನ್ನಿಗೆ ಬಂದಿತ್ತು. ಎಷ್ಟು ದೂರ ಬಂದೆ, ಇನ್ನೆಷ್ಟು ಉಳಿಯಿತು ಎಂಬುದು ಆಕೆಯ ಮನಸ್ಸಿಗೆ ಬರಲೇ ಇಲ್ಲ. ಹೀಗೆ ಇನ್ನೊಂದು ಗಂಟೆಯಾದರೂ ಓಡಬಹುದು ಅನ್ನಿಸಿತು.

ತೂಬಿನ ಕಟ್ಟೆಯ ಮೇಲೆ ಕೂತಿದ್ದ ತಿರುಪತಿ ದೂರದಿಂದಲೇ ನೋಡಿ ಎದ್ದು ನಿಂತ. ತಲೆಗೆ ಸ್ಕಾರ್ಫ್ ಕಟ್ಟಿದ, ಗುರುತಿಲ್ಲದ ಹೆಂಗಸು ತನ್ನ ಮನೆಯ ಬುತ್ತಿ ಹಿಡಿದು ಓಡಿ ಬರುವುದನ್ನು ಕಂಡು ಅವನ ಮುಖ ಇಳಿದಿತ್ತು.

"ನಮ್ಮಾಕಿಗೆ ಏನಾತ್ರಿ?"

ಏನೂ ಆಗಿಲ್ಲ, ಮೊಣಕಾಲು ನೋವಷ್ಟೇ, ಬೇವಿನ ಗಿಡದ ಕೆಳಗೆ ಕೂತಿದ್ದಾಳೆ ಎಂದು ಮುಬಾಶಿರಾ ಹೇಳಿದ ಮೇಲೆ ಅವನು ಕೂತ. ಬುತ್ತಿ ಬಿಚ್ಚಿ ನೋಡಿದ. ಪುಂಡಿಸೊಪ್ಪಿನ ಪಲ್ಲೆ ಒಂದು ಹನಿಯೂ ಚೆಲ್ಲಿರಲಿಲ್ಲ. ಒಂದು ರೊಟ್ಟಿಯ ಮೇಲೆ ಪಲ್ಲೆ ಹಾಕಿ ಮೊದಲು ಆಕೆಗೆ ಕೊಟ್ಟ. ಬೇಡ ಅಂದರೂ ಕೇಳಲಿಲ್ಲ.

"ಓಡಿ ಬಂದೀರಿ, ಹಸಿವಿ ಆಗಿರತೈತಿ. ತಿನ್ರಿ."

ಹಸಿವು ಆಗಿತ್ತು. ಹೀಗೆ ಬೆಳಕಿನಲ್ಲಿ ಕೂತು, ಹಸಿವಾದಾಗ ತಿನ್ನುವುದು ಇನ್ನೂ ಹೊಸದಾಗಿ ಕಾಣುತ್ತಿತ್ತು. ಅರ್ಧ ರೊಟ್ಟಿ ತಿಂದು, ಅವನ ಕೊಡದಿಂದ ನೀರು ಕುಡಿದಳು. ಅಷ್ಟರಲ್ಲಿ ಫಾರೂಕನ ಫೋನ್ ಬಂತು. ಇಷ್ಟು ಹೊತ್ತಾಯಿತಲ್ಲ, ಬೈಕ್ ತೆಗೆದುಕೊಂಡು ಬರಲೇ ಎಂದು ಕೇಳಿದ. ಬೇಡ, ಅರಾಮಾಗಿದ್ದೇನೆ, ಇನ್ನೂ ಆರೂವರೆ ಕಿಲೋಮೀಟರ್ ಓಡುವುದಿದೆ, ನೀವು ಉಂಡುಬಿಡಿ ಎಂದಳು. ಸರಿ ಎಂದು ಅವನು ಫೋನ್ ಇಟ್ಟ.

ವಾಪಸು ಬರುವಾಗ ಬೇವಿನ ಗಿಡದ ಕೆಳಗೆ ನಿಂತು, ಬುತ್ತಿ ಮುಟ್ಟಿತು ಎಂದು ಗಾಳೆಮ್ಮನಿಗೆ ತಿಳಿಸಿದಳು. ಕೈ ಕೊಟ್ಟು ಎಬ್ಬಿಸಿ, ಹತ್ತಿರದಲ್ಲೇ ಇದ್ದ ಅವರ ಗದ್ದೆಯ ಬದುವಿನವರೆಗೆ ಜೊತೆಯಲ್ಲಿ ನಡೆದಳು. ಹೆಸರು ಕೇಳಿದ್ದು ಆಗಲೇ. ಮುಬಾಶಿರಾ ಎಂಬುದು ಗಾಳೆಮ್ಮನ ನಾಲಿಗೆಗೆ ಸರಿಯಾಗಿ ಹೊರಳಲಿಲ್ಲ; ಎರಡು ಸಲ ಅಂದು ನೋಡಿ, ಮೂರನೆಯ ಸಲಕ್ಕೆ ಮುಬೀನವ್ವ ಮಾಡಿದಳು. ಮುಬಾಶಿರಾ ತಿದ್ದಲಿಲ್ಲ.

ಸೇತುವೆಗೆ ಬಂದಾಗ ಎಂಟೂವರೆ ದಾಟಿತ್ತು. ಕಾಲುಗಳು ಭಾರವಾಗಿದ್ದವು, ನೋವಿರಲಿಲ್ಲ. ಬೂಟು ಬಿಚ್ಚಿ, ಕಾಲುವೆಯ ಮೆಟ್ಟಿಲ ಮೇಲೆ ಕೂತು, ಪಾದ ನೀರಿಗಿಟ್ಟಳು. ನೀರು ತಣ್ಣಗಿತ್ತು. ಮನೆಗೆ ಹೋಗಬೇಕು ಎಂದು ನೆನಪಾಯಿತು. ಆದರೂ ಇನ್ನಷ್ಟು ಹೊತ್ತು ಅಲ್ಲೇ ಕೂತಳು.