ಗೌಡ್ರ ಮನೆ ರೊಟ್ಟಿ

ಒಂದೇ ಬೀದಿಯಲ್ಲಿ ನಾಲ್ಕು ಹೋಟೆಲಿದ್ದಾಗ ನಮ್ಮದು ಎದ್ದು ಕಾಣುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಚನ್ನರಾಯಪಟ್ಟಣಕ್ಕೆ ಬಂದು ಪಾಲಾಕ್ಷನನ್ನು, ಅಂದರೆ ನನ್ನನ್ನು, ಹುಡುಕಲು ಹೇಳಿ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆ, ‘ಗೌಡ್ರ ಮನೆ ತಿಂಡಿ’ ಎಂಬ ಬೋರ್ಡು. ಬೋರ್ಡಿನಲ್ಲಿ ಜಾತಿ ಬರೆಸಿದವರಲ್ಲಿ ನಾನೇ ಮೊದಲಿಗನಲ್ಲ. ಬರೆಸಿದರೆ ಒಳಗೆ ಬಂದವನು ಏನೂ ಕೇಳದೆ ಕೂತು ತಿನ್ನುತ್ತಾನೆ. ಅದರ ಉಪಯೋಗ ಅಷ್ಟೇ.

ಎದುರುಗಡೆ ಭಾನುಪ್ರಿಯಾ ‘ಮೈತ್ರಿ ತಿಂಡಿ ಮನೆ’ ತೆರೆದಾಗ ನನಗೆ ನಗು ಬಂದಿತ್ತು. ಬಿಳಿ ಗೋಡೆ, ಕುಂಡದಲ್ಲಿ ಗಿಡ, ಬಾಗಿಲಿಗೆ ಎದುರಾಗಿ ಕಣ್ಣು ಮುಚ್ಚಿ ಕೂತ ಬುದ್ಧನ ದೊಡ್ಡ ಪಟ. ಕಾಲೇಜು ಹುಡುಗರು ಅದನ್ನು ಬೆಂಗಳೂರಿನ ಸ್ಟೈಲು ಅಂದುಕೊಂಡು ಅದರ ಮುಂದೆ ನಿಂತು ಸೆಲ್ಫಿ ತೆಗೆದರು. ಅಷ್ಟಕ್ಕೇ ಮುಗಿದಿದ್ದರೆ ನಾನು ನಗುತ್ತಲೇ ಇರುತ್ತಿದ್ದೆ. ಆದರೆ ಅವಳು ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಹುಚ್ಚೆಳ್ಳು ಹುರಿದು ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು. ಆ ಘಮ ರಸ್ತೆ ದಾಟಿ ನನ್ನ ಗಲ್ಲಾಪೆಟ್ಟಿಗೆಯವರೆಗೂ ಬರುತ್ತಿತ್ತು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ದಾಟಿದರು. ನನ್ನ ಹೋಟೆಲಿನ ಮೂಲೆ ಮೇಜಿನಲ್ಲೇ ಕೂದಲು ನರೆಸಿಕೊಂಡ ಶಿವಕುಮಾರ್ ಮೇಷ್ಟ್ರು ಕೂಡ ತಲೆ ತಗ್ಗಿಸಿಕೊಂಡು ದಾಟಿದರು.

ನಾನು ಸುಮ್ಮನೆ ಕೂರಲಿಲ್ಲ. ಹೊಸ ಮೇಜು ಹಾಕಿಸಿದೆ, ಬಣ್ಣದ ಲೈಟು ಕಟ್ಟಿಸಿದೆ, ತಿಂಡಿ ತಿಂದವರಿಗೆ ಕಾಫಿ ಬಿಟ್ಟಿ ಎಂದು ಬರೆಸಿದೆ. ಬಂದು ಕಾಫಿ ಕುಡಿದರು, ರೊಟ್ಟಿಗೆ ಅಲ್ಲಿಗೇ ಹೋದರು. ಹೊಟ್ಟೆ ಉರಿಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಆಮೇಲೊಂದು ದಿನ ಹಾಲಿನ ವ್ಯವಹಾರಕ್ಕೆಂದು ಶಾಂತಿಗ್ರಾಮಕ್ಕೆ ಹೋದವನು ಗುಂಡಯ್ಯ ಎಂಬವರ ಮನೆ ಬಾಗಿಲಲ್ಲಿ ನಿಂತೆ. ಅದು ಭಾನುಪ್ರಿಯಾಳ ತವರು. ನಡುಮನೆಯ ಗೋಡೆಯಲ್ಲಿ ಬುದ್ಧ, ಪಕ್ಕದಲ್ಲೇ ಬಾಬಾಸಾಹೇಬರು. ಮನೆಯಲ್ಲಿ ಇಬ್ಬರೂ ಒಟ್ಟಿಗಿದ್ದರು. ಅಂಗಡಿಗೆ ಬರುವಾಗ ಮಗಳು ಒಬ್ಬರನ್ನು ಬಿಟ್ಟು ಬಂದಿದ್ದಳು. ಯಾಕೆ ಬಿಟ್ಟಳು ಎಂಬುದು ನನಗೆ ಆ ಕ್ಷಣವೇ ಅರ್ಥವಾಯಿತು, ಹೊಟ್ಟೆಯ ಉರಿ ತಣ್ಣಗಾಯಿತು.

ಬಾಯಿಬಿಟ್ಟು ಹೇಳಿದರೆ ಕೇಸಾಗುತ್ತದೆ. ನಾನು ಹೇಳಲಿಲ್ಲ, ಉಡುಗೊರೆ ಕೊಟ್ಟೆ. ಅವಳ ಹೋಟೆಲಿಗೆ ವರ್ಷ ತುಂಬಿದ ಬೆಳಿಗ್ಗೆ, ಜನ ಕಿಕ್ಕಿರಿದ ಹೊತ್ತಿಗೆ, ಹಾಸನದಲ್ಲಿ ಕಟ್ಟು ಹಾಕಿಸಿದ ಬಾಬಾಸಾಹೇಬರ ದೊಡ್ಡ ಪಟ, ಗಂಧದ ಹಾರ, ಶಾಲು ಎಲ್ಲ ಹಿಡಿದು ಒಳಗೆ ಹೋದೆ. ಗುಂಡಯ್ಯನವರೂ ಅಲ್ಲೇ ಕೂತಿದ್ದರು.

“ತಗಳವ್ವ,” ಎಂದೆ ಎಲ್ಲರಿಗೂ ಕೇಳುವ ಹಾಗೆ. “ನಿಮ್ಮನೇಲಿ ಇರೋದು ಅಂಗಡೀಲೂ ಇರ್ಲಿ.”

ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಭಾನುಪ್ರಿಯಾ ನನ್ನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ಗುಂಡಯ್ಯ ನೆಲ ನೋಡುತ್ತಿದ್ದರು. ಒಳಗೆ ಇಡುತ್ತೇನೆ ಎಂದಿದ್ದರೆ ಅಪ್ಪ ಸಾಯುವವರೆಗೂ ಕ್ಷಮಿಸುತ್ತಿರಲಿಲ್ಲ. ಅವಳು ಕುರ್ಚಿ ಎಳೆದು, ಹತ್ತಿ, ಬುದ್ಧನ ಪಕ್ಕದಲ್ಲಿ ತಾನೇ ಪಟ ತೂಗುಹಾಕಿದಳು.

“ನಾನೇ ತರ್ಬೇಕಿತ್ತು ಕಣಣ್ಣ. ನೀವು ತಂದ್ರಿ,” ಎಂದಳು.

ಯಾರೂ ಏನೂ ಅನ್ನಲಿಲ್ಲ. ನಮ್ಮ ಜನ ಬಹಳ ಮರ್ಯಾದಸ್ಥರು. ಮೇಷ್ಟ್ರು ಅರ್ಧ ರೊಟ್ಟಿ ಬಿಟ್ಟೆದ್ದು ನಲ್ಲಿಯ ಹತ್ತಿರ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಮಾರನೆಯ ದಿನದಿಂದ ಒಬ್ಬನಿಗೆ ಗ್ಯಾಸು, ಒಬ್ಬನಿಗೆ ಶುಗರು, ಇನ್ನೊಬ್ಬನಿಗೆ ಎಣ್ಣೆ ಬಿಡಲು ಡಾಕ್ಟರು ಹೇಳಿದ್ದರು. ಅವಳ ಕಡೆಯವರು ಭಾನುವಾರ ಭಾನುವಾರ ಕುಟುಂಬ ಸಮೇತ ಬಂದು ತಿಂದು ಬೆನ್ನು ತಟ್ಟಿ ಹೋದರು. ಭಾನುವಾರದ ಗಿರಾಕಿಯಿಂದ ಹೋಟೆಲು ನಡೆಯುವುದಿಲ್ಲ. ಮಳೆಗಾಲ ಮುಗಿಯುವ ಮೊದಲೇ ಶಟರು ಎಳೆದಳು. ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಗಿರಾಕಿಗಳು ವಾಪಸು ಬಂದರು. ಬಂದವರು ಗೊಣಗತೊಡಗಿದರು.

“ರೊಟ್ಟಿ ಏನೋ ಐತೆ ಪಾಲಾಕ್ಷಪ್ಪ, ಆ ಚಟ್ನಿ ಇಲ್ವಲ್ಲ,” ಎಂದರು ಮೇಷ್ಟ್ರು.

ಭಟ್ಟರನ್ನು ಬದಲಾಯಿಸಿದೆ. ಹುಚ್ಚೆಳ್ಳು ಕಹಿಯಾಯಿತು, ಸೀದುಹೋಯಿತು. ಮುಂದಿನ ಬೀದಿಯಲ್ಲಿ ಯಾವನೋ ದೋಸೆ ಕ್ಯಾಂಪು ತೆಗೆದ, ಜನ ಅತ್ತ ವಾಲಿದರು. ಕೊನೆಗೆ ಮಾನ ಮರ್ಯಾದೆ ಜೇಬಿಗೆ ಹಾಕಿಕೊಂಡು ಶಾಂತಿಗ್ರಾಮಕ್ಕೆ ಹೋಗಿ, ಅಡುಗೆಗೆ ಬರುತ್ತೀಯಾ ಎಂದು ಅವಳನ್ನೇ ಕೇಳಿದೆ.

“ಬತ್ತೀನಿ ಸಾ. ಪಟಾನೂ ನನ್ ಜೊತೆ ಬತ್ತದೆ,” ಎಂದಳು. ‘ಅಣ್ಣ’ ಹೋಗಿ ‘ಸಾ’ ಆಗಿತ್ತು.

ಅಡುಗೆಮನೆಯ ಗೋಡೆ ತಾನೆ, ಯಾರು ನೋಡುತ್ತಾರೆ? ಒಪ್ಪಿದೆ. ಹಿತ್ತಲ ಬಾಗಿಲಿಂದ ಬರಬೇಕು, ಮುಂದಕ್ಕೆ ಬರಕೂಡದು ಎಂದೆ. ಅವಳು ಒಪ್ಪಿದಳು. ಗುಂಡಯ್ಯ ಅವಳೊಂದಿಗೆ ಮಾತು ಬಿಟ್ಟರಂತೆ.

ಹೋಟೆಲು ತುಂಬಿತು, ದೋಸೆ ಕ್ಯಾಂಪು ಮುಚ್ಚಿತು. ಮೇಷ್ಟ್ರು ಬೆರಳು ಚೀಪುತ್ತಾ, “ಇದು ಕಣಪ್ಪ ಗೌಡ್ರ ಮನೆ ಕೈ. ಅವಳೂ ಮಾಡ್ತಿದ್ಲು, ಇದ್ರ ಮುಂದೆ ಏನೂ ಅಲ್ಲ,” ಎಂದರು. ಅಡುಗೆಮನೆಯ ಕಿಟಕಿಯಲ್ಲಿ ಅವಳ ಕೈ ತಟ್ಟೆ ಇಟ್ಟು ಒಳಗೆ ಹೋಯಿತು. ನನಗೆ ಅಂದು ಎಷ್ಟು ನಗು ಬಂತೆಂದರೆ ಚಿಲ್ಲರೆ ಕೊಡುವುದನ್ನೇ ಮರೆತೆ.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ತಟ್ಟೆಯನ್ನು ಕಿಟಕಿಯಲ್ಲಿ ನನ್ನ ಕಡೆ ಸರಿಸಿದಳು.

“ನೀವು ಒಂದಿನಾನೂ ತಿಂದಿಲ್ವಲ್ಲ ಸಾ.”

ನಿಜ. ನನ್ನ ತಿಂಡಿ ದಿನಾ ಮನೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು.

“ಗ್ಯಾಸು ಕಣವ್ವ,” ಎಂದೆ.

ಅವಳು ನನ್ನನ್ನು ನೋಡಿದಳು. ಆ ಮಾತನ್ನು ಅವಳು ಇಡೀ ಮಳೆಗಾಲ ಕೇಳಿದ್ದಳು. ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, ನಿಂತಲ್ಲೇ ರೊಟ್ಟಿ ತಿಂದು, ಕೈ ತೊಳೆದು ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಬಂದಳು, ಎಂದಿಗಿಂತ ಚೆನ್ನಾಗಿ ಚಟ್ನಿ ರುಬ್ಬಿದಳು. ಮೇಜುಗಳೆಲ್ಲ ತುಂಬಿದ್ದವು. ಮೇಷ್ಟ್ರು ಎರಡನೆಯ ರೊಟ್ಟಿಯ ಕೊನೆಯ ತುಂಡನ್ನು ಬಾಯಿಗಿಟ್ಟಾಗ ಅಡುಗೆಮನೆಯ ಬಾಗಿಲು ತೆರೆಯಿತು. ಸೆರಗಿನಲ್ಲಿ ಇನ್ನೂ ಅಕ್ಕಿಹಿಟ್ಟು ಮೆತ್ತಿತ್ತು, ತೋಳಲ್ಲಿ ಆ ಪಟ, ಅದೇ ಗಂಧದ ಹಾರ. ನೇರ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಳು.

“ತಗಳಿ ಅಣ್ಣ. ನಿಮ್ ಅಡ್ಗೆಮನೇಲಿ ಇರೋದು ಅಂಗಡೀಲೂ ಇರ್ಲಿ.”

ಮೇಷ್ಟ್ರು ಅವಳ ಹಿಟ್ಟಿನ ಕೈ ನೋಡಿದರು, ತಮ್ಮ ತಟ್ಟೆ ನೋಡಿದರು. ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕೂತರು. ಬೇಡ ಎಂದರೆ ಕೇಸು, ಫೋನು ಎತ್ತಿ ಹಿಡಿದ ಕಾಲೇಜು ಹುಡುಗರು ಆಗಲೇ ಎದ್ದು ನಿಂತಿದ್ದರು. ನಾನು ಎರಡೂ ಕೈ ಚಾಚಿ ಪಟ ತೆಗೆದುಕೊಂಡೆ.

“ಕುರ್ಚಿ ತತ್ತೀನಿ ಇರಿ,” ಎಂದಳು ಭಾನುಪ್ರಿಯಾ. ತಂದು ಹಾಕಿ, ನಾನು ಹತ್ತುವವರೆಗೂ ನಿಂತಿದ್ದು, ಮುಂದಿನ ಬಾಗಿಲಿಂದಲೇ ಹೋದಳು. ಅವಳಿಗೂ ಹೊಟ್ಟೆಪಾಡಿಗೆ ಇದ್ದದ್ದು ಈ ಅಡುಗೆ ಕೆಲಸವೊಂದೇ.

ಮೇಷ್ಟ್ರಿಗೆ ಈಗ ಶುಗರು. ಮಿಕ್ಕವರಿಗೂ ಒಂದೊಂದು ಕಾಯಿಲೆ. ಬೋರ್ಡು ಹಾಗೇ ಇದೆ. ಪಟ ಇಳಿಸೋಣವೆಂದರೆ ಇಳಿಸುವುದನ್ನೇ ಕಾಯುತ್ತಿರುವ ಕಣ್ಣುಗಳು ರಸ್ತೆಯ ತುಂಬ ಇವೆ. ದಿನಾ ಬೆಳಿಗ್ಗೆ ನಾನೇ ಹಾರದ ಧೂಳು ಒರೆಸಿ, ಖಾಲಿ ಮೇಜುಗಳ ನಡುವೆ ಕೂತು ನನ್ನ ಡಬ್ಬಿ ಬಿಚ್ಚುತ್ತೇನೆ.