ಎದುರಿಗೆ ಹೇಳುವ ಮಾತು

ಆಸ್ಪತ್ರೆಯ ಹೊಲಿಗೆ ಕೋಣೆಯ ಬಾಗಿಲಿಗೆ ಒಂದು ಹಿತ್ತಾಳೆಯ ತಗಡು ಹಾಕುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಬಹುಕಾಲ ದುಡಿದು ತೀರಿಕೊಂಡ ನೌಕರರಿಗೆ ದೊಡ್ಡ ಡಾಕ್ಟರು ಸಲ್ಲಿಸುತ್ತಿದ್ದ ಮರ್ಯಾದೆ ಅದು. ಆಸ್ಪತ್ರೆಯ ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ತಗಡೂ ಇಂಗ್ಲಿಷಿನಲ್ಲೇ. ಸತ್ತವರ ಹೆಸರು, ಮಾಡುತ್ತಿದ್ದ ಕೆಲಸ, ಜೊತೆಗೆ ಅವರ ಗುಣ ಹೇಳುವ ಒಂದೇ ಒಂದು ಪದ. ಆ ಪದವನ್ನು ಮನೆಯವರು ಆರಿಸಿ ಕೊಡಬೇಕು. ಕೊಡದಿದ್ದರೆ ‘ಡೆಡಿಕೇಟೆಡ್’ ಎಂದು ಕೆತ್ತಿಸಿಬಿಡುತ್ತಿದ್ದರು. ಸಾವಿನ ಮನೆಯಲ್ಲಿ ಪದ ಹುಡುಕುವ ವ್ಯವಧಾನ ಯಾರಿಗಿರುತ್ತದೆ? ಹೀಗಾಗಿ ತೀರಿಕೊಂಡ ನೌಕರರೆಲ್ಲ ಡೆಡಿಕೇಟೆಡ್ ಆಗಿದ್ದರು. ಗೇಟಿನ ಕಾವಲುಗಾರನೂ ಡೆಡಿಕೇಟೆಡ್ಡೇ. ಬದುಕಿದ್ದಾಗ ಅವನ ಗೊರಕೆ ಕೇಳಿದ ಆಂಬುಲೆನ್ಸಿನವರು ಹಾರ್ನ್ ಒತ್ತಿ ಪ್ರಯೋಜನವಿಲ್ಲವೆಂದು ತಾವೇ ಇಳಿದು ಗೇಟು ತೆಗೆದುಕೊಳ್ಳುತ್ತಿದ್ದರು.

ತಮ್ಮ ಹೆಂಡತಿ ಆ ಕಾವಲುಗಾರನ ಸಾಲಿಗೆ ಸೇರುವುದು, ಆ ಕೋಣೆಯಲ್ಲಿ ದುಡಿದು ತೀರಿಕೊಂಡಿದ್ದ ಹೊಲಿಗೆಯಮ್ಮನ ಯಜಮಾನರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ದೇವರು ಅವಳನ್ನು ಕರೆದುಕೊಂಡದ್ದಕ್ಕೆ ಅವರು ಎದುರಾಡಲಿಲ್ಲ, ಅವನ ಚಿತ್ತ. ಆದರೆ ತಗಡಿನ ಮೇಲಿನ ಪದ ದೇವರ ಕೈಯಲ್ಲಿರಲಿಲ್ಲ, ತಮ್ಮ ಕೈಯಲ್ಲಿತ್ತು. ಕೆತ್ತುವವನು ಮಧ್ಯಾಹ್ನ ಬರುವವನಿದ್ದ.

ಯಜಮಾನರು ಬದುಕಿನುದ್ದಕ್ಕೂ ಜನರ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಹೊಟ್ಟೆ ಹೊರೆದವರು. ಒಂದೇ ಅರ್ಥದ ಎರಡು ಮೂರು ಪದ ಎದುರಾದರೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಬರುತ್ತಿದ್ದರು. ಹೆಂಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ. “ಇದನ್ನ ಎದುರಿಗೆ ಹೇಳ್ತಾರೋ, ಬೆನ್ನ ಹಿಂದೆ ಹೇಳ್ತಾರೋ, ಸತ್ತ ಮೇಲೆ ಹೇಳ್ತಾರೋ?”

ಒಮ್ಮೆ ಕೈ ಬಿಗಿಹಿಡಿದು ಖರ್ಚು ಮಾಡುವ ಮನೆ ಮಾಲೀಕನೊಬ್ಬನ ವಿಚಾರ ಬರೆಯಬೇಕಾಗಿ ಬಂದಾಗ ಈ ಪ್ರಶ್ನೆ ಇಟ್ಟುಕೊಂಡೇ ಪದಗಳನ್ನು ವಿಂಗಡಿಸಿದ್ದರು. ಕೇರ್‌ಫುಲ್ ಎಂದರೆ ಎದುರಿಗೆ ಹೇಳುವುದು. ಸ್ಟಿಂಜಿ ಎಂದರೆ ಅವನು ಮೆಟ್ಟಿಲಿಳಿದು ಹೋದ ಮೇಲೆ ಹೇಳುವುದು. ಫ್ರೂಗಲ್ ಎಂದರೆ ಅವನ ಫೋಟೋ ಗೋಡೆಗೇರಿದ ಮೇಲೆ. “ಪಾಪ, ಅವರಿನ್ನೂ ಗಟ್ಟಿಮುಟ್ಟಾಗಿದ್ದಾರೆ, ಕೇರ್‌ಫುಲ್ಲೇ ಬರೀರಿ,” ಎಂದಿದ್ದಳು. ಒಂದೇ ಒಂದು ಕಟ್ಟಳೆ ಇಟ್ಟಿದ್ದಳು: ಗಂಡ ಹೆಂಡತಿಗೆ ಎದುರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಗಂಡನಾದವನಿಗೆ ಯಾವ ಮಾತನ್ನು ಎಲ್ಲಿ ಆಡಬೇಕೆಂಬ ತಿಳಿವಳಿಕೆಯೇ ಇರುವುದಿಲ್ಲ ಎಂಬುದು ಅವಳ ವಾದ.

ಬೆಳಿಗ್ಗೆ ಮನೆಯಲ್ಲಿ ಪಂಚಾಯಿತಿ ಕೂಡಿತು. ಅಳಿಯ ಮೊಬೈಲಿನಲ್ಲಿ ನಿಘಂಟು ತೆರೆದು ಕುಳಿತಿದ್ದ.

“ಮಾವ, ರೆಸಲ್ಯೂಟ್ ಅಂತ ಇದೆ. ದೃಢ ಮನಸ್ಸಿನವರು ಅಂತ. ಒಳ್ಳೇ ತೂಕದ ಪದ.”

“ಯುದ್ಧಕ್ಕೆ ಹೋದೋರಿಗೆ ಹಾಕೋದಲ್ವೇನ್ರೀ ಅದು?” ಎಂದಳು ಮಗಳು. “ಅಮ್ಮ ದಿಂಬಿನ ಕವರ್ ಹೊಲೀತಿದ್ಲು.”

“ಸರಿ, ಡಿಟರ್ಮಿಂಡ್?”

“ಅದು ಪರೀಕ್ಷೆ ಫೇಲಾಗಿ ಮತ್ತೆ ಕಟ್ಟಿದೋರಿಗೆ. ನಿಮಗೆ ಹಾಕಬಹುದು.”

ಅಳಿಯ ಮತ್ತೆ ಮೊಬೈಲಿಗೆ ಮುಖ ಕೊಟ್ಟ. ಸತ್ತವಳ ತಂಗಿ ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದವಳು ಸೆರಗು ಕೆಳಗಿಟ್ಟಳು.

“ಸುಮ್ನೆ ಯಾಕೆ ಭಾವ ಬಣ್ಣ ಹಚ್ತೀರಿ? ನಮ್ಮಕ್ಕನಿಗಿದ್ದಿದ್ದು ಮೊಂಡುತನ. ಹುಟ್ಟಿದಾಗಲೇ ಅಳಲ್ಲ ಅಂತ ಹಟ ಹಿಡಿದಿದ್ಲಂತೆ. ಸೂಲಗಿತ್ತಿ ನಾಲ್ಕು ಬಾರಿಸಿದ ಮೇಲೆ ಅತ್ತದ್ದು, ಅದೂ ಅವಳಿಗೆ ಕೈ ನೋವಾಗಿರಬೇಕು ಅಂತ ಕನಿಕರದಿಂದ. ಮೊಂಡುತನಕ್ಕೆ ಏನಂತಾರಪ್ಪ ಇಂಗ್ಲಿಷಲ್ಲಿ?”

“ಅಬ್ಸ್ಟಿನೇಟ್,” ಎಂದ ಅಳಿಯ, ದನಿ ತಗ್ಗಿಸಿ.

“ನೋಡಿದಿರಾ, ಪಿಸುಗುಟ್ಟಿದಿರಿ,” ಎಂದರು ಯಜಮಾನರು. “ಅದು ಬೆನ್ನ ಹಿಂದಿನ ಮಾತು. ರೆಸಲ್ಯೂಟ್ ಸತ್ತ ಮೇಲಿನದು. ಎದುರಿಗೆ ಹೇಳೋದು ಬೇಕು ನನಗೆ.”

“ಅಮ್ಮ ಈಗ ಇಲ್ವಲ್ಲಪ್ಪ,” ಎಂದಳು ಮಗಳು ಮೆಲ್ಲಗೆ. “ಸತ್ತ ಮೇಲಿನ ಮಾತೇ ತಾನೆ ಹಾಕಬೇಕಾದ್ದು?”

ಸತ್ತ ಮೇಲಿನ ಪದ ಆರಿಸಿದರೆ ಅವಳನ್ನು ತಾವೇ ಇನ್ನೊಂದು ಸಲ ಕಳುಹಿಸಿಕೊಟ್ಟಂತೆ ಎಂದು ಮಗಳಿಗೆ ಹೇಗೆ ಹೇಳುವುದು? “ಸ್ಟಬ್ಬರ್ನ್ ಹೇಗೆ?” ಎಂದರು ಯಜಮಾನರು.

“ಅದೂ ಬೈಗುಳಾನೇ, ಮಾವ.”

“ಹೌದು. ಆದ್ರೆ ಪಕ್ಕದಲ್ಲಿ ಕೂರಿಸಿಕೊಂಡು ಬೈಯೋದು. ನಾನು ದಿನಾ ಅಂತಿದ್ದೆ.”

“ಗಂಡ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ಅಕ್ಕಾನೇ ಹೇಳಿಲ್ವಾ?” ಎಂದಳು ತಂಗಿ.

ಯಜಮಾನರು ಸೋತರು. ಆ ಪದ ಹಾಕಿಸಬೇಕೆಂದರೆ ಹೊರಗಿನವರೊಬ್ಬರು ಅದನ್ನು ಅವಳ ಮುಖಕ್ಕೆ ಹೇಳಿರಬೇಕು. ಇಲ್ಲದಿದ್ದರೆ ಡೆಡಿಕೇಟೆಡ್ಡೇ ಗತಿ. ದೇವರಿಗೆ ಕೈಮುಗಿದು ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟರು.

ಹೊಲಿಗೆ ಕೋಣೆಯಲ್ಲಿ ಹೊಲಿಯಬೇಕಾದ ಬೆಡ್‌ಶೀಟುಗಳು ಸೊಂಟದೆತ್ತರ ಬಿದ್ದಿದ್ದವು. ಗುಂಡಿ ಹಚ್ಚುವುದೇ ಕೆಲಸವಾದ್ದರಿಂದ ಗುಂಡಕ್ಕ ಎಂದು ಕರೆಸಿಕೊಳ್ಳುತ್ತಿದ್ದ ಹೆಂಗಸು ಅವರನ್ನು ಕೂರಿಸಿದಳು. ಕಿಟಕಿಯ ಬಳಿಯ ಸ್ಟೂಲು ಖಾಲಿಯಿತ್ತು; ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು. ಕೆತ್ತುವವನು ಬಾಗಿಲ ಬಳಿ ಉಳಿ, ಸುತ್ತಿಗೆ ಇಟ್ಟುಕೊಂಡು ಕಾಯುತ್ತಿದ್ದ.

“ಇಲ್ಲಿ ಯಾರಾದ್ರೂ ಅವಳನ್ನ ಸ್ಟಬ್ಬರ್ನ್ ಅಂದಿದ್ದು ಕೇಳಿದ್ದೀಯೇನಮ್ಮ?”

“ನಂಗೆಲ್ಲಿ ಬರುತ್ತೆ ಇಂಗ್ಲಿಷು. ಲಾಡಿ ಜಗಳದ ದಿನ ದೊಡ್ಡ ಡಾಕ್ಟ್ರು ಏನೋ ಕಿರುಚಿದ್ರಪ್ಪ.”

ಲಾಡಿ ಜಗಳ ಆಸ್ಪತ್ರೆಗೆಲ್ಲ ಗೊತ್ತಿದ್ದದ್ದು. ರೋಗಿಗಳ ಗೌನಿಗೆ ಬೆನ್ನ ಹಿಂದೆ ಕಟ್ಟುವ ಬಟ್ಟೆಯ ಲಾಡಿ ಬೇಡ, ಅಗ್ಗದ ನೈಲಾನ್ ದಾರ ಸಾಕು ಎಂದು ದೊಡ್ಡ ಡಾಕ್ಟರು ಅಪ್ಪಣೆ ಮಾಡಿದ್ದರು. ನೈಲಾನಿನ ಗಂಟು ನಿಲ್ಲುವುದಿಲ್ಲ, ನಾನು ಹೊಲಿಯುವುದಿಲ್ಲ ಎಂದು ಹೊಲಿಗೆಯಮ್ಮ ಕೈಕಟ್ಟಿ ಕುಳಿತಳು. ಡಾಕ್ಟರು ಹೊರಗಿನಿಂದ ಹೊಲಿಸಿ ತಂದರು. ಅದಾದ ಕೆಲವೇ ದಿನಕ್ಕೆ ಅವರಿಗೇ ಹೊಟ್ಟೆನೋವು ಬಂತು. ಅದೇ ಗೌನು ತೊಟ್ಟು, ಸ್ಕ್ಯಾನಿಂಗ್ ಕೋಣೆಗೆ ಗಂಭೀರವಾಗಿ ನಡೆದು ಹೋಗುವಾಗ ಕಾರಿಡಾರಿನ ನಟ್ಟನಡುವೆ ಗಂಟು ಬಿಚ್ಚಿಕೊಂಡಿತು. ಸಾಲಾಗಿ ಕುಳಿತಿದ್ದ ರೋಗಿಗಳು ತಂತಮ್ಮ ನೋವು ಮರೆತರು. ಆಗ ಹಿಂದಿನಿಂದ ಒಂದು ದನಿ, “ಸಾರ್, ತಿರುಗಬೇಡಿ,” ಎಂದಿತು. ಹೊಲಿಗೆಯಮ್ಮ ನಾಲ್ಕು ಪಿನ್ನು ಚುಚ್ಚಿ ಡಾಕ್ಟರ ಮಾನ ಮುಚ್ಚಿ, ತುಟಿ ಪಿಟಕ್ಕೆನ್ನದೆ ತನ್ನ ಸ್ಟೂಲಿಗೆ ಮರಳಿದಳು. ಮರುದಿನ ಬಟ್ಟೆಯ ಲಾಡಿ ವಾಪಸು ಬಂತು.

ಅಷ್ಟರಲ್ಲಿ ದೊಡ್ಡ ಡಾಕ್ಟರೇ ಬಂದರು. “ಪದ ಸಿಗಲಿಲ್ವಾ? ಡೆಡಿಕೇಟೆಡ್ ಅಂತ ಹಾಕ್ಬಿಡೋಣ. ಯಾರ ತಕರಾರೂ ಇರಲ್ಲ.”

“ಅದೇ ಸಾರ್ ನನ್ನ ತಕರಾರು. ಅವಳ ಹೆಸರಿನ ಪಕ್ಕ ತಕರಾರಿಲ್ಲದ ಪದ ಇದ್ರೆ ಅವಳೇ ಅಂತ ಗುರುತು ಸಿಗೋದು ಹೇಗೆ? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಗ ಅವಳಿಲ್ಲ. ಈಗ ಅವಳನ್ನ ಏನಂತೀರಿ?”

“ರೆಸಲ್ಯೂಟ್ ಲೇಡಿ,” ಎಂದರು ಡಾಕ್ಟರು ತಡಮಾಡದೆ.

“ಇದ್ದಾಗ, ಬೆನ್ನ ಹಿಂದೆ?”

ಡಾಕ್ಟರು ಕೆಮ್ಮಿದರು. “ಅದನ್ನ ಹಿತ್ತಾಳೆ ಮೇಲೆ ಕೆತ್ತೋಕಾಗಲ್ಲ.”

“ಎದುರಿಗೆ?”

ಡಾಕ್ಟರು ಖಾಲಿ ಸ್ಟೂಲಿನ ಕಡೆ ನೋಡಿದರು. ಮುಖ ಕೊಂಚ ಕೆಂಪಾಯಿತು. “ಆ ಜಗಳದ ದಿನ ಇಲ್ಲೇ ನಿಂತು ಸ್ಟಬ್ಬರ್ನ್ ವುಮನ್ ಅಂತ ಕೂಗಾಡಿದ್ದೆ. ಆಮೇಲೆ, ಪಿನ್ ಚುಚ್ಚಿದ್ರಲ್ಲ, ಆವಾಗಲೂ ಅದೇ ಮಾತು ಹೇಳಿದೆ. ಎರಡನೇ ಸಲ ಥ್ಯಾಂಕ್ಸ್ ಅಂತ ಅದರ ಅರ್ಥ. ಅವರಿಗೆ ತಿಳೀತೋ ಇಲ್ವೋ.”

ಯಜಮಾನರಿಗೆ ಹಿಂದಿನ ಒಂದು ಸಂಜೆಯ ನೆನಪಾಯಿತು. ಹೆಂಡತಿ ಮನೆಗೆ ಬಂದವಳೇ ಚೀಲ ಇಳಿಸದೆ, “ಇವತ್ತು ಡಾಕ್ಟ್ರು ನಂಗೆ ಇಂಗ್ಲಿಷಲ್ಲಿ ಏನೋ ಅಂದ್ರು ಕಣ್ರೀ. ಬೈಗುಳಾನೇ ಇರಬೇಕು, ಆದ್ರೆ ಸಕತ್ತಾಗಿತ್ತು,” ಎಂದಿದ್ದಳು. ಪದ ಮಾತ್ರ ಮರೆತುಹೋಗಿತ್ತು. ರಾತ್ರಿ ಊಟದವರೆಗೂ ನೆನಪಿಸಿಕೊಳ್ಳಲು ಒದ್ದಾಡಿದ್ದಳು.

“ತಿಳಿದಿತ್ತು ಸಾರ್,” ಎಂದರು. ಕೆತ್ತುವವನ ಕಡೆ ತಿರುಗಿ, “ಸ್ಟಬ್ಬರ್ನ್ ಅಂತ ಹಾಕಪ್ಪ,” ಎಂದರು.

“ನೋಡಿದೋರು ಆಸ್ಪತ್ರೆಯವರು ಸತ್ತವರನ್ನೂ ಬೈತಾರೆ ಅಂದ್ಕೊಳ್ಳಲ್ವೇ?” ಎಂದರು ಡಾಕ್ಟರು.

“ಅಂದ್ಕೊಳ್ಳಲಿ ಸಾರ್. ಎದುರಿಗೆ ನಿಂತು ಓದ್ತಾರಲ್ಲ.”

ಡಾಕ್ಟರು ಆಗಲೆಂದು ತಲೆಯಾಡಿಸಿದರು. ಉಳಿಯ ಮೇಲೆ ಸುತ್ತಿಗೆ ಬಿತ್ತು. ಡಾಕ್ಟರು ಸ್ಟೂಲಿಗೆ ಮುಖ ಮಾಡಿಕೊಂಡೇ, ಕೋಟಿನ ಹಿಂಬದಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲು ದಾಟಿ ಹೋದರು.

“ಆವತ್ತಿಂದ ಈ ಕೋಣೆಗೆ ಬೆನ್ನು ತೋರಿಸಲ್ಲ ಅವರು,” ಎಂದಳು ಗುಂಡಕ್ಕ ದಾರ ಕಚ್ಚಿ ಕತ್ತರಿಸುತ್ತ.

ಯಜಮಾನರಿಗೆ ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ನಗು ಬಂತು. ನಗುತ್ತಲೇ ಸ್ಟೂಲಿನ ಕಡೆ ಬಾಗಿ, “ಸ್ಟಬ್ಬರ್ನ್ ಕಣೇ, ಅವತ್ತು ಅವರು ಅಂದಿದ್ದು,” ಎಂದರು.