ಪಟ್ಟಿಯಲ್ಲಿಲ್ಲದ ನಿಲ್ದಾಣ

ಟೈಲರಮ್ಮನ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಗಂಡ ರಾತ್ರಿ ಬಸ್ಸಿನ ಡ್ರೈವರು. ಹತ್ತೂವರೆಗೆ ಡಿಪೋ ಬಿಟ್ಟು, ಒಂದೂವರೆಗೆ ದೊಡ್ಡ ಪಟ್ಟಣ ಮುಟ್ಟಿಸಿ, ಎರಡಕ್ಕೆ ಅಲ್ಲಿಂದ ತಿರುಗಿ, ಬೆಳಕು ಹರಿಯುವ ಮೊದಲೇ ಬಸ್ಸನ್ನು ತಂದು ಒಪ್ಪಿಸುವ ಮನುಷ್ಯ. ಬೆಳಿಗ್ಗೆ ಆರಕ್ಕೆ ಮನೆಗೆ ಬಂದು ಮಲಗಿದರೆ ಮಧ್ಯಾಹ್ನ ಒಂದರವರೆಗೆ ಮನೆಮಂದಿಯೆಲ್ಲ ಬೆಕ್ಕಿನ ಹೆಜ್ಜೆ. ಹೊಲಿಗೆ ಮೆಷಿನ್ನು ಒಂದರ ನಂತರವೇ ತಿರುಗಬೇಕು. ತರಕಾರಿಯವನು ಮೂರು ಮನೆ ಆಚೆಯೇ ಕೂಗು ನಿಲ್ಲಿಸಿ, ಇವರ ಬಾಗಿಲಿಗೆ ಬಂದು ಬದನೆಕಾಯಿಯ ಬೆಲೆಯನ್ನು ಗುಟ್ಟು ಹೇಳುವಂತೆ ಹೇಳುತ್ತಿದ್ದ. ಮಗಳು ಮಾತು ಕಲಿತದ್ದೇ ಪಿಸುಮಾತಿನಲ್ಲಿ. ಈಗವಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಬೇರೆಲ್ಲಿ ಸೇರುತ್ತಾಳೆ ಪಾಪ.

ಆಮೇಲೆ ಸರಕಾರದ ಆದೇಶ ಬಂತು. ಎಲ್ಲೋ ಒಂದು ಬಸ್ಸಿನ ಡ್ರೈವರು ತೂಕಡಿಸಿ ಅನಾಹುತವಾಗಿತ್ತು. ಅಂದಿನಿಂದ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಸಾರ್ವಜನಿಕ ಬಸ್ಸು ರಸ್ತೆಗಿಳಿಯುವಂತಿಲ್ಲ. ಸತ್ತವರನ್ನು ನೆನೆದು ಟೈಲರಮ್ಮನ ಕಣ್ಣಲ್ಲೂ ನೀರು ಬಂದಿತ್ತು, ಅದು ಬೇರೆ ಮಾತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ರೆಪ್ಪೆ ಮುಚ್ಚದ ಮನುಷ್ಯನಿಗೆ ಇದ್ಯಾವ ಶಿಕ್ಷೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಗಂಡನಿಗೆ ಅದೇ ದಾರಿಯಲ್ಲಿ ಹಗಲಿನ ಪಾಳಿ ಕೊಟ್ಟರು. ಅದೇ ದಾರಿ ತಾನೇ ಎಂದು ಎಲ್ಲರೂ ಅಂದುಕೊಂಡರು. ಅಲ್ಲಿಯೇ ಎಡವಿದ್ದು. ಆ ದಾರಿಯನ್ನು ಅವರು ಹಗಲಿನಲ್ಲಿ ನೋಡಿಯೇ ಇರಲಿಲ್ಲ. ಮೊದಲ ದಿನ ಎರಡು ನಿಲ್ದಾಣ ದಾಟಿ ಹೋಗಿ, ಜನ ಬಾಯಿ ಬಡಿದುಕೊಂಡ ಮೇಲೆ ನಿಲ್ಲಿಸಿದರು. ಮೂರನೆಯ ದಿನ ಇನ್ನೊಂದು. ಅದೂ ಸಾಲದೆಂಬಂತೆ ಮಟಮಟ ಮಧ್ಯಾಹ್ನ ಬಸ್ಸಿನ ಎರಡೂ ದೀಪ ಉರಿಯುತ್ತಿದ್ದವು. ಡಿಪೋದಲ್ಲಿ ಮೊದಲೇ ಅವರಿಗೆ ಗೂಬೆ ಎಂದು ಹೆಸರು. ಈಗ ಗೂಬೆಗೆ ಹಗಲು ಕಣ್ಣು ಕಾಣಲ್ಲ ಎಂದು ಎದುರಿಗೇ ನಗತೊಡಗಿದರು.

ಮ್ಯಾನೇಜರು ನಗಲಿಲ್ಲ. "ಇನ್ನೊಂದು ತಪ್ಪು ಪುಸ್ತಕದಲ್ಲಿ ಬಿತ್ತು ಅಂದ್ರೆ ನಿಮ್ಮನ್ನ ಯಾರ್ಡಿಗೆ ಹಾಕ್ತೀನಿ. ತನಿಖೆಯವರು ಯಾವತ್ತು ಬೇಕಾದ್ರೂ ಹತ್ತಬಹುದು," ಎಂದರು.

ಯಾರ್ಡು ಎಂದರೆ ಡಿಪೋದ ಕಾಂಪೌಂಡಿನ ಒಳಗೆ ತೊಳೆಯುವ ಜಾಗದಿಂದ ಡೀಸೆಲ್ ಹಾಕುವ ಜಾಗಕ್ಕೆ ಬಸ್ಸು ಸರಿಸುತ್ತ ಕೂರುವುದು. ಗೇಟಿನ ಆಚೆ ಕಾಲಿಡುವಂತಿಲ್ಲ. ಗಂಡ ಅದನ್ನು ಹೇಳುವಾಗ ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

ಟೈಲರಮ್ಮ ಕೇಳಿದಳು, "ರೀ, ರಾತ್ರಿ ಹೊತ್ತು ಸ್ಟಾಪು ಬಂತು ಅಂತ ಹೇಗೆ ಗೊತ್ತಾಗ್ತಿತ್ತು?"

"ಹೇಗೆ ಅಂದ್ರೆ? ಬೇಕರಿಯಲ್ಲಿ ಬ್ರೆಡ್ಡಿನ ವಾಸನೆ ಬಂದ್ರೆ ಒಂದು. ಔಷಧಿ ಅಂಗಡಿ ನೀಲಿ ದೀಪ ಕಂಡ್ರೆ ಇನ್ನೊಂದು. ಸೇತುವೆ ಮೇಲೆ ಚಕ್ರದ ಸದ್ದು ಬದಲಾಗತ್ತೆ, ಅಲ್ಲಿಂದ ಮೂವತ್ತು ಎಣಿಸೋದು. ಒಂದು ನಾಯಿ ಇದೆ, ಅದು ಬಸ್ಸಿನ ಜೊತೆ ಓಡೋದು ನಿಲ್ಲಿಸ್ತು ಅಂದ್ರೆ ಶಾಲೆ ಸ್ಟಾಪು."

"ಹಗಲು?"

"ಹಗಲು ಬ್ರೆಡ್ಡಿಲ್ಲ, ದೀಪ ಇಲ್ಲ, ನಾಯಿ ಮಲಗಿರತ್ತೆ. ಎಲ್ಲಾ ಅಂಗಡೀನೂ ಒಂದೇ ಥರ ಕಾಣತ್ತೆ ಕಣೇ. ಕಣ್ಣಿಗೆ ಅಷ್ಟೊಂದು ಬಿದ್ರೆ ಯಾವುದನ್ನ ನೋಡ್ಲಿ?"

ಟೈಲರಮ್ಮ ಎದ್ದಳು. ಸಗಟು ಅಂಗಡಿಯಿಂದ ಬಟ್ಟೆ ತರಲು ಅವಳು ಆ ದಾರಿಯಲ್ಲಿ ಹಗಲು ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ರವಿಕೆ ಅಳತೆಗೆ ಕತ್ತರಿಸುವ ಕಂದು ಕಾಗದವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಗಂಡ ರಾತ್ರಿಯ ಗುರುತು ಹೇಳಬೇಕು, ಇವಳು ಅದರ ಪಕ್ಕಕ್ಕೆ ಹಗಲಿನ ಗುರುತು ಬರೆಯಬೇಕು. ಬ್ರೆಡ್ಡಿನ ವಾಸನೆಗೆ ಹಳದಿ ಗೇಟು. ನೀಲಿ ದೀಪಕ್ಕೆ ಮುರಿದ ಬೋರ್ಡು. ನಾಯಿಗೆ ನೀರಿನ ಟ್ಯಾಂಕು. ಬಟ್ಟೆಗೆ ಅಸ್ತರು ಕೊಟ್ಟ ಹಾಗೆ ರಾತ್ರಿಗೆ ಹಗಲನ್ನು ಕೂಡಿಸಿ ಹೊಲಿದಳು.

"ಕಣ್ಣು ನಂಬಬೇಡಿ. ಹಳೇ ಹಾಗೇ ಎಣಿಸ್ಕೊಂಡು ಹೋಗಿ, ಕೈಕಾಲಿಗೆ ದಾರಿ ಗೊತ್ತಿದೆ. ಕಣ್ಣು ಬರೀ ಸಾಕ್ಷಿ ಹೇಳಿದ್ರೆ ಸಾಕು," ಎಂದಳು.

ಎರಡು ದಿನ ಒಂದೂ ತಪ್ಪಿಲ್ಲ. ಮೂರನೆಯ ದಿನ ನೂಲು ಮುಗಿದಿದೆ ಎಂದು ನೆಪ ಹೇಳಿ ಟೈಲರಮ್ಮ ತಾನೂ ಬಸ್ಸು ಹತ್ತಿದಳು. ನೂಲು ಡಬ್ಬಿ ತುಂಬ ಇತ್ತು. ಗಂಡ ಬಸ್ಸು ಓಡಿಸುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ; ನೋಡಬೇಕೆನಿಸಿತ್ತು, ಅಷ್ಟೇ.

ಮೂರನೆಯ ಸಾಲಿನಲ್ಲಿ ಕೂತು ನೋಡಿದಳು. ಮನೆಯಲ್ಲಿ ಚೊಂಬು ಎಲ್ಲಿದೆ ಎಂದು ಮೂರು ಸಲ ಕೇಳುವ ಮನುಷ್ಯ ಇವರೇನಾ? ಬೆನ್ನು ನೆಟ್ಟಗೆ, ಕೈ ಹಗುರ. ಗುಂಡಿ ಬಂದರೆ ಬಸ್ಸಿನಲ್ಲಿದ್ದವರಿಗೆ ಗೊತ್ತಾಗುವ ಮೊದಲೇ ದಾಟಿರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸಿನ ಮಡಿಲಲ್ಲಿ ಕೂಸು ಕದಲದೆ ನಿದ್ದೆ ಹೋಗಿತ್ತು. ಇಂಥವರನ್ನು ಕಾಂಪೌಂಡಿನ ಒಳಗೆ ಕೂರಿಸುತ್ತಾರಂತೆ, ಕೂರಿಸಿ ನೋಡಲಿ ಎಂದು ಅವಳು ಒಳಗೊಳಗೇ ಕುದಿದಳು.

ಎರಡನೆಯ ನಿಲ್ದಾಣದಲ್ಲಿ ಬಿಳಿ ಅಂಗಿಯ ತನಿಖೆಯವರೊಬ್ಬರು ಹತ್ತಿದರು. ಟೈಲರಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಆದರೆ ಹಳದಿ ಗೇಟಿನಲ್ಲಿ ಬಸ್ಸು ನಿಂತಿತು, ಮುರಿದ ಬೋರ್ಡಿನಲ್ಲಿ ನಿಂತಿತು, ಟ್ಯಾಂಕಿನಲ್ಲೂ ನಿಂತಿತು. ತನಿಖೆಯವರು ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ. ಸೇತುವೆ ದಾಟಿತು. ಮೂವತ್ತು ಎಣಿಸಿದ ನಿಲ್ದಾಣವೂ ಆಯಿತು.

ಅಲ್ಲಿಂದ ಸ್ವಲ್ಪ ದೂರ ಹೋಗಿ ಬಸ್ಸು ಮತ್ತೆ ನಿಂತಿತು. ಎರಡು ಚಿಕ್ಕ ಹಾರ್ನು, ಮೆಲ್ಲಗೆ. ಹೊರಗೆ ಮೂರು ಕಲ್ಲು, ಒಂದು ಕಾಲುದಾರಿ, ಒಂದು ಮೋರಿಯ ಕಟ್ಟೆ. ಮನೆಯಿಲ್ಲ, ಮಠವಿಲ್ಲ. ಕಂದು ಕಾಗದದಲ್ಲಿ ಈ ಜಾಗ ಇರಲೇ ಇಲ್ಲ.

ತನಿಖೆಯವರು ಎದ್ದು ಮುಂದೆ ಬಂದರು. "ಇಲ್ಲಿ ಯಾವ ಸ್ಟಾಪಿದೆ?"

ಗಂಡ ತಮ್ಮದೇ ಕಾಲನ್ನು ನೋಡಿಕೊಂಡರು. "ಸ್ಟಾಪಿಲ್ಲ ಸಾರ್. ವಾರದಲ್ಲಿ ಎರಡು ರಾತ್ರಿ ಇಲ್ಲಿ ನಿಲ್ಲಿಸ್ತಿದ್ದೆ, ಇವತ್ತು ಆ ದಿನ. ಕಾಲು ತಾನಾಗೇ ಒತ್ತಿಬಿಡ್ತು."

ಕೈಕಾಲಿಗೆ ದಾರಿ ಗೊತ್ತಿದೆ ಎಂದವಳು ತಾನೇ. ಟೈಲರಮ್ಮನಿಗೆ ತಲೆ ಎತ್ತಲಾಗಲಿಲ್ಲ. ಪೆನ್ನು ಹೊರಗೆ ಬಂತು.

ಅಷ್ಟರಲ್ಲಿ ಮೋರಿ ಕಟ್ಟೆಯ ಹಿಂದಿನಿಂದ ಒಬ್ಬ ಹೆಂಗಸು ಎದ್ದು, ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. ಹಿಂದೆ ಕೋಲೂರಿಕೊಂಡು ಒಬ್ಬ ಮುದುಕ. ಆಕೆ ಬಾಗಿಲಿನತ್ತ ಹೋಗದೆ ನೇರ ಡ್ರೈವರಿನ ಕಿಟಕಿಗೆ ಬಂದು ಮೇಲೆ ನೋಡಿದಳು.

"ಅಣ್ಣಾ, ರಾತ್ರಿ ಬಸ್ಸಿನೋರು ನೀವೇನಾ? ಹಾರ್ನು ಕೇಳಿ ಮಾವ ಎದ್ದೇ ನಿಂತ್ಬಿಟ್ರು."

"ಹುಷಾರಾಗಿ ಹತ್ತಿಸಮ್ಮ, ಆತುರ ಇಲ್ಲ," ಎಂದರು ಗಂಡ.

"ದನಿ ಅದೇ," ಎಂದು ಆಕೆ ಮಾವನಿಗೆ ಹೇಳಿದಳು. "ಹನ್ನೊಂದು ವರ್ಷ ಆಯ್ತು, ಮುಖ ಇವತ್ತು ನೋಡ್ತಿದೀನಿ."

ಮಾವನನ್ನು ಹತ್ತಿಸುತ್ತ ಹತ್ತಿಸುತ್ತ ಆಕೆಯೇ ಎಲ್ಲ ಹೇಳಿದಳು. ಮುದುಕನಿಗೆ ವಾರಕ್ಕೆರಡು ಸಲ ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್. ರಾತ್ರಿ ಬಸ್ಸು ಒಂದು ದಿನವೂ ತಪ್ಪದೆ, ಬಾಗಿಲು ಮಾವನ ಕಾಲ ಹತ್ತಿರವೇ ಬರುವಂತೆ ಇಲ್ಲಿ ನಿಲ್ಲುತ್ತಿತ್ತು. ರಾತ್ರಿ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ಮೊದಲಿಗರಾಗಿ ಕೂತರೆ ಬೆಳಿಗ್ಗೆ ಚೀಟಿ ಸಿಗುತ್ತಿತ್ತು, ಸಂಜೆಗೆ ಮನೆ. ಈಗ ಹಗಲು ಬಸ್ಸು ಮುಟ್ಟುವಷ್ಟರಲ್ಲಿ ಚೀಟಿ ಖಾಲಿ. ಹಾಗಾಗಿ ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಜಗಲಿಯಲ್ಲಿ ಮಲಗಬೇಕು. ಹಗಲು ಬಸ್ಸು ಇಲ್ಲಿ ನಿಲ್ಲುವುದಿಲ್ಲ, ಹತ್ತಿರದ ಸ್ಟಾಪಿನವರೆಗೆ ನಡೆಯಬೇಕು. ಮಾವನಿಗೆ ಅದು ಒಂದು ಗಂಟೆಯ ನಡಿಗೆ. ಸುಸ್ತಾಗಿ ಮೋರಿಯ ನೆರಳಿನಲ್ಲಿ ಕೂತಿದ್ದರು.

ತನಿಖೆಯವರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ, ನಿಯಮದ ಮನುಷ್ಯ. ದನಿ ತಗ್ಗಿಸಿ ಹೇಳಿದರು, "ನೋಡಿ, ಅಭ್ಯಾಸಬಲದಿಂದ ಆಗಿದ್ದು, ಇನ್ನು ಆಗಲ್ಲ ಅಂತ ಹೇಳಿ. ನಾನು ಬರೆಯಲ್ಲ. ನಾಳೆ ಇಲ್ಲಿ ನಿಲ್ಲಿಸ್ತೀರಾ?"

ಇಲ್ಲ ಎಂದರೆ ಮುಗಿಯಿತು. ದಾರಿ ಉಳಿಯಿತು, ಮಾನ ಉಳಿಯಿತು, ಡಿಪೋದವರ ಬಾಯಿ ಮುಚ್ಚಿತು. ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ಟೈಲರಮ್ಮ ಮನಸ್ಸಿನಲ್ಲೇ ಗೋಗರೆದಳು.

ಗಂಡ ಕನ್ನಡಿಯಲ್ಲಿ ಮುದುಕನನ್ನು ನೋಡಿದರು. ಆತ ಇನ್ನೂ ಸೀಟಿನ ಕಂಬಿ ಹಿಡಿದು ಮೆಲ್ಲನೆ ಕೂರುತ್ತಿದ್ದ.

"ನಿಲ್ಲಿಸ್ತೀನಿ ಸಾರ್. ನಾಳೆ ಅಂತಲ್ಲ, ಈ ಬಸ್ಸು ನನ್ನ ಕೈಯಲ್ಲಿ ಇರೋವರೆಗೂ ನಿಲ್ಲಿಸ್ತೀನಿ. ಬರ್ಕೊಳ್ಳಿ."

ಅದೇನಾಯಿತೋ, ಟೈಲರಮ್ಮನ ಹೆದರಿಕೆ ಎಲ್ಲಿತ್ತೋ ಅಲ್ಲೇ ಬಿದ್ದುಹೋಯಿತು. ಅವಳು ಎದ್ದು ನಿಂತಳು. ಬಾಯಿಂದ ಹೊರಟ ದನಿ ಅವಳಿಗೇ ಹೊಸದು. ಹಿಂದಿನ ಸೀಟಿನವರೂ ತಿರುಗಿ ನೋಡಿದರು.

"ಬರೀರಿ ಸಾರ್, ಆದ್ರೆ ಪೂರ್ತಿ ಬರೀರಿ. ಅರ್ಧ ಬರೆದು ಇವರ ಮೇಲೆ ಗೂಬೆ ಕೂರಿಸ್ಬೇಡಿ. ಹನ್ನೊಂದು ವರ್ಷ ಕತ್ತಲಲ್ಲಿ ಇಲ್ಲೇ ನಿಲ್ಲಿಸಿದ್ರು ಅಂತ ಬರೀರಿ. ಒಂದು ದಿನಾನೂ ತಪ್ಪಿಲ್ಲ ಅಂತ ಬರೀರಿ. ಬಾಗಿಲು ಆ ಹಿರಿಯರ ಕಾಲ ಹತ್ರಾನೇ ಬಂದು ನಿಲ್ತಿತ್ತು, ಅದನ್ನೂ ಬರೀರಿ."

"ನೀವು ಯಾರಮ್ಮ?"

"ಇವರ ಹೆಂಡ್ತಿ."

ಗಂಡ ಹೌಹಾರಿ ಹಿಂದೆ ತಿರುಗಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಹಗಲು ಹೊತ್ತು ಈ ದನಿಯನ್ನು ಅವರು ಕೇಳಿರಲಿಲ್ಲ. ಆಮೇಲೆ ಅವರ ಮೀಸೆಯ ಕೆಳಗೆ ನಗು ಬಂತು, ಅದನ್ನು ಮುಚ್ಚಿಕೊಳ್ಳಲು ರಸ್ತೆಯ ಕಡೆ ತಿರುಗಿದರು.

ಮುದುಕ ಕೂತು, ಕೋಲನ್ನು ಬಸ್ಸಿನ ನೆಲಕ್ಕೆ ಎರಡು ಸಲ ಬಡಿದ. ಟಕ್, ಟಕ್. ಕೂತಾಯಿತು, ಹೊರಡು ಎಂದು ಹನ್ನೊಂದು ವರ್ಷದ ಗುರುತು. ಕಂಡಕ್ಟರು ಸೀಟಿ ಊದಲಿಲ್ಲ, ತನಿಖೆಯವರು ಹೂಂ ಅನ್ನಲಿಲ್ಲ. ಬಸ್ಸು ಹೊರಟಿತು. ತನಿಖೆಯವರು ಕೂತು ಬರೆದರು, ಬಹಳ ಹೊತ್ತು ಬರೆದರು.

ಆ ಬರಹಕ್ಕೆ ಎರಡು ಫಲ ಬಂತು. ಹೇಳದೆ ಕೇಳದೆ ನಿಲ್ಲಿಸಿದ್ದಕ್ಕೆ ಗಂಡನಿಗೆ ಹದಿನೈದು ದಿನ ಯಾರ್ಡು. ಮೂರು ಕಲ್ಲಿನ ಹತ್ತಿರ ಹಗಲು ಬಸ್ಸು ನಿಲ್ಲಲು ಅನುಮತಿ. ರಾತ್ರಿ ಬಸ್ಸಿನ ಆದೇಶ ಮಾತ್ರ ಇದ್ದ ಹಾಗೇ ಇತ್ತು. ಆ ಹದಿನೈದು ದಿನ ಗಂಡ ತೊಳೆಯುವ ಜಾಗದಿಂದ ಡೀಸೆಲ್ ಜಾಗಕ್ಕೆ ಬಸ್ಸು ಸರಿಸುತ್ತಿದ್ದರೆ, ಗೂಬೆ ಎಂದು ನಗಲು ಯಾರಿಗೂ ಬಾಯಿ ಬರಲಿಲ್ಲ. ಮನೆಯಲ್ಲಿ ಹೊಲಿಗೆ ಮೆಷಿನ್ನು ಬೆಳಿಗ್ಗೆಯಿಂದಲೇ ತಿರುಗಿತು. ತರಕಾರಿಯವನು ಎಂದಿನಂತೆ ಗುಟ್ಟಿನಲ್ಲಿ ಬೆಲೆ ಹೇಳಿದರೆ, ಟೈಲರಮ್ಮ ನಾಲ್ಕು ಮನೆಗೆ ಕೇಳುವಂತೆ ಯಾರ್ಡಿನ ಕತೆ ಹೇಳಿದಳು.

ಹದಿನಾರನೆಯ ದಿನ ಅವಳು ಮತ್ತೆ ಮೂರನೆಯ ಸಾಲಿನಲ್ಲಿ ಕೂತಳು. ಈ ಸಲ ನೂಲಿನ ನೆಪವೂ ಹೇಳಲಿಲ್ಲ. ಸೇತುವೆ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡಳು. ಮೂವತ್ತು ಎಣಿಸಿದಳು, ಬಸ್ಸು ನಿಂತು ಹೊರಟಿತು. ಸ್ವಲ್ಪ ದೂರಕ್ಕೆ ಎರಡು ಚಿಕ್ಕ ಹಾರ್ನು. ಕಣ್ಣು ತೆರೆದಳು. ನಿಲ್ದಾಣದ ಫಲಕ ಇನ್ನೂ ಬಂದಿರಲಿಲ್ಲ. ಸರಕಾರದ ಕೆಲಸ, ಬಂದಾಗ ಬರುತ್ತದೆ. ಬಾಗಿಲು ಮಾತ್ರ ಮುದುಕನ ಕಾಲ ಹತ್ತಿರವೇ ಇತ್ತು.

ಟಕ್, ಟಕ್.

ಬಸ್ಸು ಹೊರಟಾಗ ಟೈಲರಮ್ಮ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿ, ಆಕೆ ಏನೂ ಕೇಳದಿದ್ದರೂ, ಇಡೀ ಬಸ್ಸಿಗೆ ಕೇಳುವ ದನಿಯಲ್ಲಿ ಹೇಳಿದಳು: "ಓಡಿಸ್ತಿರೋರು ನಮ್ಮನೆಯವರು."